ಬೆಟ್ಟದ ಊರಿನ ಹಳೇ ಮನೆ: ನೀರು ಬಂದ ದಿನವೇ ನಲ್ಲಿ ಶಾಕ್ ಹೊಡೆದರೆ ಎಲ್ಲಿ ಹುಡುಕಬೇಕು

"ಅಳಿಯಂದ್ರೇ, ಬಚ್ಚಲಲ್ಲಿ ನಲ್ಲಿ ಮುಟ್ಟಿದ್ರೆ ಕೈ ಜುಮ್ ಅನ್ನತ್ತೆ" ಎಂದು ಅತ್ತೆ ಫೋನಿನಲ್ಲಿ ಹೇಳಿದಾಗ ನಾನು ಮೈಸೂರಿನಲ್ಲಿ ಡ್ಯೂಟಿಯಲ್ಲಿದ್ದೆ. ಮೇಲುಕೋಟೆಯಲ್ಲಿ ಆ ಮನೆ ಕೊಂಡು ಆಗಿನ್ನೂ ಎರಡು ತಿಂಗಳು. ಕೊನೆಗಾಲವನ್ನು ಚೆಲುವನಾರಾಯಣನ ಸನ್ನಿಧಿಯಲ್ಲಿ ಕಳೆಯಬೇಕೆಂಬ ಅವರ ಬಹುಕಾಲದ ಆಸೆಗಾಗಿಯೇ ಕೊಂಡಿದ್ದು. ಮಣ್ಣಿನ ಗೋಡೆ, ಮಂಗಳೂರು ಹೆಂಚು, ಮಧ್ಯದಲ್ಲಿ ಪುಟ್ಟ ತೊಟ್ಟಿ. ಬಚ್ಚಲುಮನೆಗೆ ಮಾತ್ರ ಆರ್‌ಸಿಸಿ, ಅದರ ಮೇಲೆ ನೀರಿನ ಟ್ಯಾಂಕು. ಹಿಂದಿನ ಮನೆಯವರು ಗೀಸರ್, ಮೋಟರ್, ಸಂಪು ಎಲ್ಲ ಬಿಟ್ಟುಹೋಗಿದ್ದರು. ಎಲ್ಲವೂ ಓಡುತ್ತಿತ್ತು. ಓಡುತ್ತಿದೆ ಅಂದ ಮಾತ್ರಕ್ಕೆ ಸರಿ ಇದೆ ಅಂತಲ್ಲ.

ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ 22 ವರ್ಷ ಕೆಲಸ ಮಾಡಿದವನು ನಾನು. ಆದರೂ ಈ ಒಂದು ದೋಷ ಹಿಡಿಯಲು ಐದು ವಾರ ಬೇಕಾಯಿತು. ಆ ಐದು ವಾರ ಎಪ್ಪತ್ತು ದಾಟಿದ ಹೆಂಗಸು ಒದ್ದೆ ಕೈಯಲ್ಲಿ ಅದೇ ಬಚ್ಚಲಿಗೆ ಹೋಗಿಬಂದಿದ್ದನ್ನು ನೆನೆದರೆ ಇವತ್ತಿಗೂ ಎದೆ ಝಲ್ ಎನ್ನುತ್ತದೆ. ಗುಡ್ಡದ ಊರಿನಲ್ಲಿ ಹಳೇ ಮನೆ ಕೊಳ್ಳುವವರು ಅಷ್ಟು ದಿನ ಕಾಯದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮೀಟರ್ ಬೋರ್ಡ್ ಬಿಚ್ಚುವುದು, ವೈರ್ ಬದಲಾಯಿಸುವುದು ಲೈಸೆನ್ಸ್ ಇರುವವರ ಕೆಲಸ. ನೋಡುವುದು, ಬರೆದಿಡುವುದು, ಸರಿಯಾದ ಪ್ರಶ್ನೆ ಕೇಳುವುದು ಮನೆಯವರ ಕೆಲಸ.

ಗೀಸರ್ ಬದಲಾಯಿಸಿದರೂ ಹೋಗದ ಶಾಕ್

ನಲ್ಲಿಯಲ್ಲಿ ಶಾಕ್ ಬಂದರೆ ಎಲ್ಲರ ಕಣ್ಣೂ ಗೀಸರ್ ಮೇಲೆ ಬೀಳುತ್ತದೆ. ಕರೆಸಿದ ಎಲೆಕ್ಟ್ರಿಷಿಯನ್ ನಲ್ಲಿಗೆ ಟೆಸ್ಟರ್ ಇಟ್ಟ, ಕೆಂಪು ದೀಪ ಉರಿಯಿತು. "ಗೀಸರ್ ಕಾಯಿಲ್ ಹೋಗಿದೆ ಸಾರ್" ಅಂದ. ಹೊಸ ಗೀಸರ್ ಬಂತು. ನಾಲ್ಕು ದಿನ ಏನೂ ಇಲ್ಲ. ಐದನೇ ದಿನ ಬೆಳಿಗ್ಗೆ ಮತ್ತೆ ಜುಮ್. ಗೀಸರ್ ಸ್ವಿಚ್ ಆಫ್ ಇದ್ದಾಗಲೇ ಹೊಡೆದಿತ್ತು. ಸ್ವಿಚ್ ಆಫ್ ಇದ್ದೂ ಶಾಕ್ ಬರುತ್ತಿದೆ ಅಂದರೆ ಕರೆಂಟು ಬೇರೆಲ್ಲಿಂದಲೋ ಹರಿದು ಬರುತ್ತಿರಬಹುದು. ಅದನ್ನು ನಾವು ಅವತ್ತೇ ಗಮನಿಸಬೇಕಿತ್ತು.

ದಾರಿ ತೋರಿಸಿದ್ದು ಅತ್ತೆಯವರೇ. ಅಡುಗೆಮನೆಯಲ್ಲಿ ನೇತುಹಾಕಿದ್ದ ಪಂಚಾಂಗದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವುದು ಅವರ ರೂಢಿ. ಪಂಚಾಯ್ತಿ ನೀರು ಬಂದ ದಿನಕ್ಕೆ ಒಂದು ಚುಕ್ಕೆ, ಶಾಕ್ ಹೊಡೆದ ದಿನಕ್ಕೆ ಒಂದು ಸುತ್ತು. ಶನಿವಾರ ನಾನು ಹೋದಾಗ ಆ ಹಾಳೆ ನೋಡಿದೆ. ಸುತ್ತು ಹಾಕಿದ್ದ ಒಂದೊಂದು ದಿನದ ಒಳಗೂ ಚುಕ್ಕೆಯಿತ್ತು. ಚುಕ್ಕೆಯಿಲ್ಲದ ದಿನ ಒಂದೂ ಸುತ್ತು ಇರಲಿಲ್ಲ.

ನೀರು ಬಂದ ದಿನ ಮಾತ್ರ ಶಾಕ್. ಗೀಸರಿಗೂ ಪಂಚಾಯ್ತಿ ನೀರಿಗೂ ನೇರ ಸಂಬಂಧವಿಲ್ಲ, ಅದಕ್ಕೆ ನೀರು ಬರುವುದು ಮೇಲಿನ ಟ್ಯಾಂಕಿನಿಂದ. ಪಂಚಾಯ್ತಿ ನೀರು ಬೀಳುವುದು ಸಂಪಿಗೆ. ಸಂಪಿನ ಪಕ್ಕ, ಎರಡಡಿ ಆಳದ ಗುಂಡಿಯಲ್ಲಿ ಮೋಟರ್. ಕಲ್ಲು ಚಪ್ಪಡಿ ಸರಿಸಿ ಟಾರ್ಚ್ ಬಿಟ್ಟೆ. ಸಂಪು ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ವಾಲ್ವಿನ ತೋಳು ಕೆಸರು ಹಿಡಿದು ಮೇಲೇಳದೆ ನಿಂತಿತ್ತು. ರಾತ್ರಿಯ ನೀರು ತುಂಬಿ ಹೊರಚೆಲ್ಲಿ ಮೋಟರ್ ಗುಂಡಿಗೆ ಇಳಿದಿತ್ತು. ಗುಂಡಿಯ ತಳದಲ್ಲಿ ಕೇಬಲ್ಲಿನ ಒಂದು ಜಾಯಿಂಟ್. ಸುತ್ತಿದ್ದ ಕಪ್ಪು ಟೇಪು ಬಿಸಿಲಿಗೆ ಅಂಟು ಬಿಟ್ಟು ಒಣಗಿದ ಬಾಳೆಪಟ್ಟೆಯ ಹಾಗೆ ಸುರುಳಿ ಬಿಚ್ಚಿಕೊಂಡಿತ್ತು, ಒಳಗಿನ ತಾಮ್ರ ಹಸಿರುಗಟ್ಟಿತ್ತು. ಮಧ್ಯಾಹ್ನದ ಬಿಸಿಲಿಗೆ ಗುಂಡಿ ಒಣಗಿದರೆ ಶಾಕೂ ಮಾಯ. ಆಮೇಲೆ ಎಲೆಕ್ಟ್ರಿಷಿಯನ್ ಬಂದಾಗಲೆಲ್ಲ "ಈಗ ಏನೂ ಇಲ್ಲವಲ್ಲ ಸಾರ್" ಅನ್ನುತ್ತಿದ್ದುದು ಇದಕ್ಕೇ.

ಗುಂಡಿಯ ಜಾಯಿಂಟಿನಿಂದ ಬಚ್ಚಲಿನ ನಲ್ಲಿಗೆ ಕರೆಂಟು ಹೋದ ದಾರಿ ಹೀಗೆ. ಒದ್ದೆಯಾದ ಜಾಯಿಂಟಿನಿಂದ ಫೇಸ್ (ಕರೆಂಟು ತರುವ ವೈರು) ಮೋಟರಿನ ಮೈಗೆ, ಅಲ್ಲಿಂದ ಅರ್ತ್ ವೈರಿಗೆ. ಅರ್ತ್ ವೈರ್ ಮನೆಗೆಲ್ಲ ಒಂದೇ: ಮೋಟರ್, ಫ್ರಿಡ್ಜ್, ಗೀಸರ್ ಎಲ್ಲದರ ಮೈಯನ್ನೂ ಅದು ಜೋಡಿಸುತ್ತದೆ. ಅರ್ತಿಂಗ್ ಚೆನ್ನಾಗಿದ್ದರೆ ಸೋರಿದ ಕರೆಂಟೆಲ್ಲ ನೆಲಕ್ಕಿಳಿದು ಹೋಗುತ್ತದೆ. ಅರ್ತಿಂಗ್ ಕೆಟ್ಟಿದ್ದರೆ ಇಳಿಯಲು ಜಾಗವಿಲ್ಲದೆ ಅರ್ತ್ ವೈರೇ ಜೀವಂತವಾಗುತ್ತದೆ. ಮೋಟರಿನ ದೋಷ ಗೀಸರಿನ ಮೈಗೆ ಬಂದು, ಅಲ್ಲಿಂದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಹಿಡಿದು ನಲ್ಲಿಗೆ ತಲುಪುತ್ತದೆ. ಕೆಳಗೆ ಒದ್ದೆ ಕಲ್ಲುನೆಲ, ಮೇಲೆ ಒದ್ದೆ ಕೈ.

ಮಲ್ಟಿಮೀಟರಿನಲ್ಲಿ ಆ ದಿನ ಸಿಕ್ಕ ಅಂಕಿಗಳನ್ನೇ ಕೊಡುತ್ತೇನೆ. ಬಚ್ಚಲಿನ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಫೇಸ್‌ಗೂ ಕರೆಂಟನ್ನು ವಾಪಸು ಒಯ್ಯುವ ನ್ಯೂಟ್ರಲ್‌ಗೂ ನಡುವೆ 229 ವೋಲ್ಟ್, ಅದು ಸರಿ. ಫೇಸ್‌ಗೂ ಅರ್ತ್‌ಗೂ 168. ನ್ಯೂಟ್ರಲ್‌ಗೂ ಅರ್ತ್‌ಗೂ 61. ಒಳ್ಳೆಯ ಮನೆಯಲ್ಲಿ ಈ ಕೊನೆಯ ಅಂಕಿ ಎರಡು ಮೂರು ವೋಲ್ಟ್ ದಾಟಬಾರದು. ಎರಡನೆಯದನ್ನೂ ಮೂರನೆಯದನ್ನೂ ಕೂಡಿದರೆ ಮೊದಲಿನದು ಬರುತ್ತದೆ, ಗಮನಿಸಿ. ಅರ್ತ್ ವೈರು ತನ್ನ ಜಾಗದಲ್ಲಿ ನಿಲ್ಲದೆ ಫೇಸಿನ ಕಡೆಗೆ ಸರಿದಿದೆ ಎಂದು ಈ ಲೆಕ್ಕವೇ ಹೇಳುತ್ತದೆ.

ಒಂದೊಂದೇ ಉಪಕರಣ ಕಳಚಿ ನೋಡುವುದು ಮುಂದಿನ ಹೆಜ್ಜೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ನಮ್ಮಲ್ಲಿ ಮೋಟರ್ ಸ್ವಿಚ್ ಆಫ್ ಮಾಡಿದಾಗ 61 ಹಾಗೇ ಉಳಿಯಿತು, ಅದಕ್ಕೇ ಮೊದಲ ದಿನ ಮೋಟರಿನ ಮೇಲಿನ ಅನುಮಾನ ಬಿಟ್ಟುಕೊಟ್ಟಿದ್ದೆವು. ಆಮೇಲೆ ತಿಳಿಯಿತು, ಆ ಸ್ವಿಚ್ಚಿಗೆ ಫೇಸ್ ಬದಲು ನ್ಯೂಟ್ರಲ್ ಕೊಟ್ಟಿದ್ದರು. ಸ್ವಿಚ್ ಆಫ್ ಆದರೂ ಫೇಸ್ ಗುಂಡಿಯವರೆಗೆ ಹೋಗಿ ಕಾಯುತ್ತಿತ್ತು. ಮೋಟರಿನ ಲೈನನ್ನು ಬೋರ್ಡಿನಿಂದಲೇ ಬಿಡಿಸಿದ ಕ್ಷಣ 61 ಇದ್ದದ್ದು 1.8ಕ್ಕೆ ಇಳಿಯಿತು.

ಮನೆಯ ಮೇನ್ ಸ್ವಿಚ್ಚನ್ನೇ ಆಫ್ ಮಾಡಿ, ಅದು ಫೇಸ್ ನ್ಯೂಟ್ರಲ್ ಎರಡನ್ನೂ ಕತ್ತರಿಸುವಂಥದ್ದಾಗಿದ್ದರೂ ನಲ್ಲಿಯಲ್ಲಿ ಶಾಕ್ ಉಳಿದರೆ, ದೋಷ ಬಹುಶಃ ನಿಮ್ಮ ಮನೆಯದಲ್ಲ. ಪಕ್ಕದ ಮನೆಯಿಂದ ಲೋಹದ ನೀರಿನ ಪೈಪಿನ ಮೂಲಕ ಬರುತ್ತಿದೆ, ಇಲ್ಲವೇ ಬೀದಿಯ ಲೈನಿನಲ್ಲೇ ಏನೋ ಆಗಿದೆ. ಆಗ ಯಾರೂ ನಲ್ಲಿ ಮುಟ್ಟದಂತೆ ನೋಡಿಕೊಂಡು 1912ಕ್ಕೆ ಫೋನ್ ಮಾಡಿ. ಲೈನ್‌ಮನ್ ಬರುವವರೆಗೆ ಬಚ್ಚಲಿಗೆ ಬೀಗ ಹಾಕಿ.

ಬಂಡೆಯ ಮೇಲೆ ಅರ್ತಿಂಗ್

ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಬಿದ್ದು ಲೈನ್ ಕತ್ತರಿಸುವ ಸ್ವಿಚ್ಚು) ಯಾಕೆ ಬೀಳಲಿಲ್ಲ ಎಂದು ಎಲ್ಲರೂ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅರ್ತ್ ಟೆಸ್ಟರ್ ತರಿಸಿ ಅಳೆಸಿದಾಗ ನಮ್ಮ ಅರ್ತಿಂಗ್ 140 ಓಮ್ ತೋರಿಸಿತು. ಓಮ್ ಅಂದರೆ ಕರೆಂಟಿನ ಹರಿವಿಗೆ ಇರುವ ತಡೆಯ ಅಳತೆ, ಕಡಿಮೆ ಇದ್ದಷ್ಟೂ ಅರ್ತಿಂಗ್ ಒಳ್ಳೆಯದು. 230ನ್ನು 140ರಿಂದ ಭಾಗಿಸಿದರೆ 1.6 ಆಂಪಿಯರ್. ಅಂದರೆ ಫೇಸ್ ವೈರು ನೇರವಾಗಿ ಮೋಟರಿನ ಮೈಗೆ ತಾಗಿದರೂ ಹರಿಯುವುದು ಅಷ್ಟೇ. 16 ಆಂಪಿಯರಿನ ಎಂಸಿಬಿಗೆ ಅದು ಒಂದು ಇಸ್ತ್ರಿಪೆಟ್ಟಿಗೆಯಷ್ಟೂ ಭಾರವಲ್ಲ. ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯನನ್ನಲ್ಲ.

140 ಯಾಕೆ? ಗೋಡೆ ಪಕ್ಕದ ಅರ್ತ್ ಪೈಪು ಅಗೆದಾಗ ಉತ್ತರ ಸಿಕ್ಕಿತು. ಒಂದೂವರೆ ಅಡಿ ಮಣ್ಣು, ಕೆಳಗೆ ಬಂಡೆ. ಸಾಮಾನ್ಯವಾಗಿ ಎರಡೂವರೆ ಮೀಟರ್ ಉದ್ದ ಇರಬೇಕಾದ ಪೈಪನ್ನು ಬಂಡೆ ತಾಗಿದ ಕಡೆ ಕೊಯ್ದು ನಿಲ್ಲಿಸಿ ಮೇಲೆ ಸಿಮೆಂಟ್ ಮೆತ್ತಿದ್ದರು. ಮೇಲಿನಿಂದ ನೋಡಿದರೆ ಅಚ್ಚುಕಟ್ಟಾದ ಅರ್ತ್ ಗುಂಡಿ. ಯದುಗಿರಿಯ, ಅಂದರೆ ಮೇಲುಕೋಟೆ ಬೆಟ್ಟದ, ಈ ಕಡೆ ಮನೆ ಕೊಳ್ಳುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಇದು: ಅರ್ತ್ ಪೈಪು ಎಷ್ಟು ಆಳ ಇಳಿದಿದೆ?

ಹಳೇ ಕಾಲದ ಬಲ್ಬ್ ಪರೀಕ್ಷೆ ಇಲ್ಲಿ ಮೋಸ ಮಾಡುತ್ತದೆ. ಫೇಸ್‌ಗೂ ಅರ್ತ್‌ಗೂ 100 ವ್ಯಾಟಿನ ಬಲ್ಬ್ ಕಟ್ಟಿ ಉರಿದರೆ ಅರ್ತಿಂಗ್ ಚೆನ್ನಾಗಿದೆ ಅನ್ನುವ ರೂಢಿ ಇನ್ನೂ ಇದೆ. 100 ವ್ಯಾಟ್ ಬಲ್ಬು ಉರಿಯುವಾಗ ಸುಮಾರು 530 ಓಮ್ ಇರುತ್ತದೆ. ಅರ್ತಿಂಗ್ 100 ಓಮ್ ಇದ್ದರೂ ಬಲ್ಬಿಗೆ ಸುಮಾರು 190 ವೋಲ್ಟ್ ಸಿಗುತ್ತದೆ, ಕಣ್ಣಿಗೆ ಚೆನ್ನಾಗೇ ಬೆಳಗುತ್ತದೆ. ಜೊತೆಗೆ ಆ ಹೊತ್ತಿನಲ್ಲಿ ಮನೆಯ ಎಲ್ಲ ಉಪಕರಣಗಳ ಮೈಗೂ ವೋಲ್ಟೇಜ್ ಏರುತ್ತದೆ. ಆ ಪರೀಕ್ಷೆ ಮಾಡಬೇಡಿ, ಮಾಡಲೂ ಬಿಡಬೇಡಿ.

ಕೆಟ್ಟ ಜಾಯಿಂಟ್ ಸರಿಪಡಿಸಿದ್ದಲ್ಲದೆ ನಾವು ಮಾಡಿದ್ದು ಎರಡು. ಬಂಡೆಯಲ್ಲಿ ಆಳಕ್ಕೆ ಹೋಗುವ ಹಟ ಬಿಟ್ಟು ಅಡ್ಡಕ್ಕೆ ಹೋದೆವು. ಹಿತ್ತಲಿನ ತಗ್ಗಿನಲ್ಲಿ, ಮಳೆಗೆ ಕೊಚ್ಚಿಬಂದ ಮಣ್ಣು ನಿಂತು ಸದಾ ತೇವ ಇರುವ ಕಡೆ ಉದ್ದಕ್ಕೆ ಕಾಲುವೆ ತೋಡಿಸಿ ಜಿಐ ಪಟ್ಟಿ ಹೂಳಿಸಿದೆವು. ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಮಣ್ಣು ತುಂಬಿಸಿದೆವು. ಉಪ್ಪು ಸುರಿಯಲು ಬಿಡಲಿಲ್ಲ, ಅದು ಮಳೆಗೆ ಕರಗಿ ಹೋಗುವುದಲ್ಲದೆ ಜಿಐಯನ್ನೂ ತಿನ್ನುತ್ತದೆ.

ಎರಡನೆಯದು, ಮೊದಲನೆಯದಕ್ಕಿಂತ ಮುಖ್ಯವಾದದ್ದು, 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಅದು ಹೋದ ಕರೆಂಟನ್ನೂ ವಾಪಸು ಬಂದ ಕರೆಂಟನ್ನೂ ತೂಗಿ ನೋಡುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಲೈನ್ ಕತ್ತರಿಸುತ್ತದೆ. ನಮ್ಮ ಹಳೇ 140 ಓಮಿನ ಅರ್ತಿಂಗ್ ಇದ್ದಿದ್ದರೂ ಅಷ್ಟು ಹೊತ್ತಿಗೆ ಅರ್ತ್ ವೈರಿನ ಮೇಲೆ ಏರುತ್ತಿದ್ದದ್ದು 4.2 ವೋಲ್ಟ್. 61 ಎಲ್ಲಿ, 4 ಎಲ್ಲಿ! ಕಲ್ಲುನೆಲದ ಊರಿನಲ್ಲಿ ಬೇರೆ ಯಾವ ಖರ್ಚು ಮುಂದೂಡಿದರೂ ಇದೊಂದನ್ನು ಮುಂದೂಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ತಿಂಗಳಿಗೊಮ್ಮೆ ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿ, ಬೀಳದಿದ್ದರೆ ಅದನ್ನು ಬದಲಾಯಿಸಿ.

ಇಷ್ಟೆಲ್ಲ ಆದಮೇಲೆ ಮೀಟರಿನ ಮುಂದೆ ನಿಂತು ನೋಡಿದೆ. "ಇ/ಎಲ್" ಎಂಬ ಸಣ್ಣ ಕೆಂಪು ದೀಪ ಆರಿತ್ತು. ಮನೆ ಕೊಂಡ ದಿನಗಳಲ್ಲಿ ಅದು ಉರಿಯುತ್ತಿದ್ದುದನ್ನು ನೋಡಿದ್ದೆ, ಮೀಟರ್ ಓಡುತ್ತಿರುವ ಗುರುತು ಅಂದುಕೊಂಡಿದ್ದೆ. ಫೇಸ್, ನ್ಯೂಟ್ರಲ್ ಕರೆಂಟುಗಳು ಸಮ ಇಲ್ಲದಾಗ, ಅಂದರೆ ಎಲ್ಲೋ ನೆಲಕ್ಕೆ ಸೋರುತ್ತಿರುವಾಗ ಉರಿಯುವ ದೀಪ ಅದು. ನಮ್ಮ ಸೋರಿಕೆ ಸುಮಾರು 0.44 ಆಂಪಿಯರ್, 100 ವ್ಯಾಟಿನ ಬಲ್ಬೊಂದು ನೆಲದೊಳಗೆ ಉರಿದಂತೆ. ಮನೆ ನೋಡಲು ಹೋದ ದಿನವೇ ಮೀಟರಿನ ಈ ದೀಪ ನೋಡಿ. ಜೊತೆಗೆ ಎಲ್ಲ ಸ್ವಿಚ್ ಆಫ್ ಮಾಡಿ, ಮೇನ್ ಮಾತ್ರ ಆನ್ ಇಟ್ಟು ಹತ್ತು ನಿಮಿಷ ಪಲ್ಸ್ ದೀಪ (ಕರೆಂಟು ಖರ್ಚಾದಂತೆ ಮಿನುಗುವ ಮೀಟರಿನ ದೀಪ) ಮಿನುಗುತ್ತದೆಯೇ ನೋಡಿ. ಮಿನುಗಿದರೆ ಖರೀದಿಯ ಮಾತಿಗೆ ಮೊದಲೇ ವೈರಿಂಗ್ ಮಾತು ಎತ್ತಬಹುದು.

ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ

ಹಾಕಿದ ವಾರದಲ್ಲೇ ನಮ್ಮದು ಬೀಳಲು ಶುರುವಾಯಿತು, ಅದೂ ಮಳೆಯ ರಾತ್ರಿ. "ಇದು ಬೇಡ, ತೆಗೆದುಬಿಡೋಣ" ಎಂಬ ಸಲಹೆಯೂ ಬಂತು. ದಯವಿಟ್ಟು ತೆಗೆಸಬೇಡಿ. ಅದು ಬೀಳುತ್ತಿದೆ ಅಂದರೆ ಇನ್ನೊಂದು ಸೋರಿಕೆ ಇದೆ ಅಂತ.

ಎಲ್ಲ ಎಂಸಿಬಿ ಕೆಳಗಿಳಿಸಿ ಆರ್‌ಸಿಸಿಬಿ ಎತ್ತಿ. ನಿಂತರೆ ಒಂದೊಂದೇ ಎಂಸಿಬಿ ಎತ್ತುತ್ತಾ ಹೋಗಿ, ಯಾವುದಕ್ಕೆ ಬೀಳುತ್ತದೋ ಆ ಲೈನಿನಲ್ಲಿ ಹುಡುಕಿ. ಎಲ್ಲ ಇಳಿಸಿದರೂ ಬೀಳುತ್ತಿದ್ದರೆ ಗಾಬರಿ ಬೇಡ. ಒಂಟಿ ಪೋಲಿನ ಎಂಸಿಬಿ ಫೇಸನ್ನು ಮಾತ್ರ ಕತ್ತರಿಸುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಎಲ್ಲೋ ನ್ಯೂಟ್ರಲ್ ಅರ್ತಿಗೆ ತಾಗಿರುತ್ತದೆ. ಮೇನ್ ಆಫ್ ಮಾಡಿ, ನ್ಯೂಟ್ರಲ್ ವೈರುಗಳೆಲ್ಲ ಕೂಡುವ ಲಿಂಕಿನಿಂದ ಅವನ್ನು ಒಂದೊಂದಾಗಿ ಬಿಡಿಸಿ 500 ವೋಲ್ಟಿನ ಮೆಗ್ಗರಿನಲ್ಲಿ (ವೈರಿನ ಹೊದಿಕೆ ಪರೀಕ್ಷಿಸುವ ಮೀಟರು) ನೋಡಿಸಬೇಕು. ಒಂದು ಮೆಗಾಓಮಿಗಿಂತ ಕಡಿಮೆ ತೋರಿಸಿದ ವೈರು ಕೆಟ್ಟ ವೈರು. ನಮ್ಮಲ್ಲಿ ಸಿಕ್ಕಿದ್ದು ಹಜಾರದ ಹಳೇ ಮರದ ಕೇಸಿಂಗಿನೊಳಗೆ: ಹೆಂಚು ಸೋರಿದ ನೀರು ಮಣ್ಣಿನ ಗೋಡೆಗೆ ಇಳಿದು ಹತ್ತಿಬಟ್ಟೆ ಹೊದಿಕೆಯ ವೈರು ನೆನೆದಿತ್ತು. ಒಂದು ಹೆಂಚು ಬದಲಾಯಿಸಿ, ಆ ಲೈನಿಗೆ ಹೊಸ ವೈರು ಎಳೆಸಿದ ಮೇಲೆ ಮತ್ತೆ ಬಿದ್ದಿಲ್ಲ.

ನೀರು ಏರುತ್ತಿಲ್ಲ: ಎತ್ತರವೋ, ತುಕ್ಕೋ?

ನಮ್ಮದು ಮೇಲಿನ ಬೀದಿ. "ಕೆಳಗಿನ್ ಬೀದಿಯೋರು ನಲ್ಲಿ ನಿಲ್ಸಿದ್ ಮ್ಯಾಕೇ ನಿಮ್ಗೆ ನೀರು ಏರಾದು ಕಣ್ ಸಾ" ಎಂದು ನೀರುಗಂಟಿ ಮೊದಲೇ ಹೇಳಿದ್ದರು. ಅರ್ಧ ಸರಿ. ಗುಡ್ಡದ ಊರಿನಲ್ಲಿ ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಒತ್ತಡ ಕಳೆದುಹೋಗುತ್ತದೆ. ಬೀದಿ ಒಂದೇ ಆದರೂ ಆ ತುದಿಯ ಮನೆಗೂ ಈ ತುದಿಯ ಮನೆಗೂ ಪೂರ್ತಿ ಬೇರೆ ನೀರು. ಆದರೆ ಎಲ್ಲದಕ್ಕೂ ಎತ್ತರವನ್ನೇ ದೂರಿದರೆ ಮನೆಯೊಳಗಿನ ದೋಷ ಹಾಗೇ ಉಳಿಯುತ್ತದೆ.

ಎರಡನ್ನೂ ಬೇರೆ ಮಾಡಲು ಗಾರೆಯವರು ಮಟ್ಟ ನೋಡುವ ಪಾರದರ್ಶಕ ಟ್ಯೂಬು ಸಾಕು. ನೀರು ಬಿಟ್ಟ ಹೊತ್ತಿನಲ್ಲಿ ಅಂಗಳದ ನಲ್ಲಿಗೆ ಬಿಗಿಯಾಗಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಗೋಡೆಗೆ ಏಣಿ ಇಟ್ಟು ಮೇಲಕ್ಕೆ ಹಿಡಿಯಿರಿ. ನಲ್ಲಿ ತಿರುಗಿಸಿದಾಗ ಟ್ಯೂಬಿನಲ್ಲಿ ನೀರು ಎಷ್ಟು ಎತ್ತರ ಏರಿ ನಿಲ್ಲುತ್ತದೋ ಅದೇ ನಿಮ್ಮ ಮನೆಯ ಒತ್ತಡ. ಆಳೆತ್ತರವೂ ಏರದಿದ್ದರೆ ದೋಷ ಎತ್ತರದ್ದು, ಯಾವ ಪ್ಲಂಬರೂ ಏನೂ ಮಾಡಲಾರ, ತಗ್ಗಿನಲ್ಲಿ ಸಂಪು ಕಟ್ಟಿಸಿ ಅಲ್ಲಿಂದ ಎತ್ತಬೇಕು. ಚೆನ್ನಾಗಿ ಏರಿ ನಿಂತು, ಮನೆಯ ಇನ್ನೊಂದು ನಲ್ಲಿ ಬಿಟ್ಟ ಕೂಡಲೇ ದಡಕ್ಕನೆ ಇಳಿದರೆ ಒತ್ತಡ ಇದೆ, ದಾರಿ ಕಿರಿದಾಗಿದೆ ಅಂತ.

ನಮ್ಮಲ್ಲಿ ನೀರು ಏಣಿಯ ಎಂಟನೇ ಮೆಟ್ಟಿಲವರೆಗೆ ಏರಿ ನಿಂತಿತು, ಸಂಪಿನ ನಲ್ಲಿ ಬಿಟ್ಟಾಗ ಎರಡನೇ ಮೆಟ್ಟಿಲಿಗೆ ಕುಸಿಯಿತು. ಬಕೆಟ್ ಲೆಕ್ಕವೂ ಅದನ್ನೇ ಹೇಳಿತು. ಬೀದಿಯಿಂದ ಪೈಪು ಒಳಬರುವ ಜಾಗದಲ್ಲಿ 15 ಲೀಟರಿನ ಬಕೆಟ್ ಒಂದು ನಿಮಿಷಕ್ಕೆ ತುಂಬಿತು, ಸಂಪಿನ ಬಾಯಲ್ಲಿ ಮೂರೂಕಾಲು ನಿಮಿಷ ಹಿಡಿಯಿತು. ನಡುವೆ ಇದ್ದದ್ದು ಹದಿನೆಂಟು ಅಡಿ ಅರ್ಧ ಇಂಚಿನ ಹಳೇ ಜಿಐ ಪೈಪು. ಕೊಯ್ದು ನೋಡಿದರೆ ಒಳಗೆಲ್ಲ ಕಂದು ತುಕ್ಕು ಗಂಟುಗಂಟಾಗಿ ಕಟ್ಟಿ, ಮಧ್ಯದ ತೂತಿನಲ್ಲಿ ಪೆನ್ಸಿಲ್ ಕೂಡ ಹೋಗಲಿಲ್ಲ. ಆ ತುಂಡನ್ನು ಕಿಟಕಿಯಲ್ಲಿ ಇಟ್ಟುಕೊಂಡಿದ್ದೇನೆ, ಮನೆ ಕೊಳ್ಳುವ ನೆಂಟರು ಬಂದರೆ ತೋರಿಸುತ್ತೇನೆ. ಒಂದು ಇಂಚಿನ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಹಾಕಿಸಿದ ಮೇಲೆ ಸಂಪಿನ ಬಾಯಲ್ಲೂ ಒಂದು ನಿಮಿಷಕ್ಕೆ ಸ್ವಲ್ಪ ಮೇಲೆ.

ನೀರು ಸಾಲದು ಎಂದು ಪಂಚಾಯ್ತಿ ಲೈನಿಗೇ ಮೋಟರ್ ಕೂರಿಸಬೇಡಿ. ಅದು ಕಾನೂನಿಗೆ ವಿರುದ್ಧ, ಕೆಳಗಿನವರ ನೀರು ಕದ್ದ ಹಾಗೆ. ಅದಕ್ಕಿಂತ ಅಪಾಯದ್ದು ಇನ್ನೊಂದು: ಮೋಟರ್ ಎಳೆದಾಗ ಬೀದಿ ಪೈಪಿನಲ್ಲಿ ಒತ್ತಡ ಸೊನ್ನೆಗಿಂತ ಕೆಳಗಿಳಿದು, ಎಲ್ಲೆಲ್ಲಿ ಬಿರುಕಿದೆಯೋ ಅಲ್ಲಿಂದ ಚರಂಡಿ ನೀರು ಒಳಗೆ ಸೇರುತ್ತದೆ. ಕುಡಿಯುವವರು ನಾವೇ.

ಟ್ಯಾಂಕು ತುಂಬಿದ್ದೂ ಬಚ್ಚಲಿನ ನಲ್ಲಿ ಗೊರಗೊರ ಎಂದು ಉಗುಳಿ ಸಣ್ಣಗಾದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಹಳೇ ಮನೆಯಲ್ಲಿ ಪೈಪು ಬಾಗಿಲ ಮೇಲಕ್ಕೆ ಹತ್ತಿ ಮತ್ತೆ ಇಳಿಯುತ್ತದೆ, ಆ ಗೂನಿನಲ್ಲಿ ಗಾಳಿ ಕೂರುತ್ತದೆ. ಗೂನಿನ ನೆತ್ತಿಯಿಂದ ಟ್ಯಾಂಕಿನ ಮಟ್ಟಕ್ಕಿಂತ ಮೇಲಕ್ಕೆ ಒಂದು ಗಾಳಿ ಪೈಪು ಎತ್ತಿಸಿದರೆ ಮುಗಿಯಿತು. ಟ್ಯಾಂಕಿನ ಮುಚ್ಚಳಕ್ಕೆ ತಂತಿ ಬಿಗಿಯಿರಿ. ಮೇಲುಕೋಟೆಯ ಕೋತಿಗಳು ಮುಚ್ಚಳ ತೆಗೆಯುವುದನ್ನು ನಮಗಿಂತ ಚೆನ್ನಾಗಿ ಬಲ್ಲವು, ಮತ್ತೆ ಹಾಕುವುದಿಲ್ಲ.

ಇಳಿಜಾರಿನ ಮನೆಗೆ ಇನ್ನೊಂದು ಎಚ್ಚರಿಕೆ. ನಿಮ್ಮ ಸಂಪಿಗಿಂತ ಮೇಲೆ ಬೇರೆಯವರ ಶೌಚದ ಗುಂಡಿ ಇದ್ದರೆ ಬಂಡೆಯ ಬಿರುಕಿನಲ್ಲಿ ಅದರ ನೀರು ಇಳಿದು ಬರಬಹುದು. ಸಂಪನ್ನು ಖಾಲಿ ಮಾಡಿ ಒರೆಸಿ, ಪಂಚಾಯ್ತಿ ನೀರು ಬರದ ಎರಡು ದಿನ ಬಿಟ್ಟು ನೋಡಿ. ಗೋಡೆಯಿಂದ ನೀರು ಜಿನುಗಿದ್ದರೆ ಆ ಸಂಪಿನ ನೀರು ಕುಡಿಯಬೇಡಿ. ನೀರಿನ ಸೋಂಕು ಪರೀಕ್ಷಿಸುವ ಎಚ್‌2ಎಸ್ ಬಾಟಲಿಯಲ್ಲಿ ನೀರು ತುಂಬಿಸಿಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಸೋಂಕಿನ ಅನುಮಾನ ಬಲವಾಯಿತು ಅಂತಲೇ.

ಸಂಜೆ ದೀಪ ಮಂಕಾಗುವುದು

ವೋಲ್ಟೇಜ್ 230ಕ್ಕೆ ಶೇ 6ರಷ್ಟು ಆಚೀಚೆ ಇರಬಹುದು, ಅಂದರೆ 216ರಿಂದ 244. ಅದಕ್ಕಿಂತ ಇಳಿದರೆ ಗೀಸರ್ ನೀರು ಕಾಯಲು ಯಾಕೆ ಅಷ್ಟು ಹೊತ್ತು ಎನ್ನುವುದಕ್ಕೆ ಲೆಕ್ಕ ಇದೆ: 190 ವೋಲ್ಟಿನಲ್ಲಿ ಅದಕ್ಕೆ ಸಿಗುವ ಶಕ್ತಿ ಮೂರರಲ್ಲಿ ಎರಡು ಪಾಲು ಮಾತ್ರ. ದೋಷ ಬೀದಿಯದೋ ಮನೆಯದೋ ತಿಳಿಯಲು ಗೀಸರ್ ಹಾಕುವ ಮೊದಲು, ಹಾಕಿದ ಮೇಲೆ ಎರಡು ಕಡೆ ಅಳೆಸಿ: ಮೀಟರ್ ಬಳಿ, ಗೀಸರ್ ಸಾಕೆಟ್ ಬಳಿ. ಎರಡೂ ಕಡೆ ಒಟ್ಟಿಗೆ ಕುಸಿದರೆ, ಪಕ್ಕದ ಮನೆಯಲ್ಲೂ ಹಾಗೇ ಇದ್ದರೆ, ದೂರು ಕೊಡಿ. ಸಾಕೆಟ್ಟಿನಲ್ಲಿ ಮಾತ್ರ ಕುಸಿದರೆ ನಡುವಿನ ವೈರು ಸಣ್ಣದು ಅಥವಾ ಜಾಯಿಂಟ್ ಸಡಿಲ. ಎರಡು ಕಿಲೋವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಹಳೇ ಮನೆಯ ಲೈಟಿನ ವೈರಿಗೆ ಅದು ಹೊರಲಾಗದ ಹೊರೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಅಳೆಯುತ್ತಾ ಕೂರಬೇಡಿ, ಮೇನ್ ಆಫ್ ಮಾಡಿ.

ಮೂರು ಫೇಸಿನ ಮನೆಯಲ್ಲಿ ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದರದು ಕಣ್ಣು ಕೋರೈಸಿದರೆ ನ್ಯೂಟ್ರಲ್ ಸಡಿಲವಾಗಿದೆ. ಕೆಲವೇ ನಿಮಿಷಗಳಲ್ಲಿ ಟಿವಿ, ಫ್ರಿಡ್ಜ್ ಸುಟ್ಟುಹೋಗಬಹುದು. ಓಡಿಹೋಗಿ ಮೇನ್ ಆಫ್ ಮಾಡಿ.

ಆರ್‌ಆರ್ ನಂಬರ್, ಗ್ಯಾಸ್

ಆರ್‌ಆರ್ ನಂಬರನ್ನು (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ) ನಿಮ್ಮ ಹೆಸರಿಗೆ ಮಾಡಿಸಲು ಕ್ರಯಪತ್ರದ ಜೊತೆ ಇ-ಸ್ವತ್ತಿನ ಖಾತೆ ಕೇಳುತ್ತಾರೆ, ಆದ್ದರಿಂದ ಪಂಚಾಯ್ತಿ ಕೆಲಸ ಮೊದಲು. ನೋಂದಣಿಯ ದಿನ ಮೀಟರ್ ರೀಡಿಂಗ್ ಫೋಟೋ ತೆಗೆದಿಡಿ, ಹಳೇ ಬಾಕಿಯ ತಕರಾರು ಬಂದರೆ ಅದೇ ಸಾಕ್ಷಿ. ಗೃಹಜ್ಯೋತಿ ನಿಮಗೆ ಬರುತ್ತಿಲ್ಲ ಅಂದರೆ ಆ ಆರ್‌ಆರ್ ನಂಬರಿಗೆ ಹಿಂದಿನವರ ಆಧಾರ್ ಜೋಡಣೆ ಉಳಿದಿದೆಯೇ ನೋಡಿ, ಅದನ್ನು ತೆಗೆಸಿ ಹೊಸದಾಗಿ ಅರ್ಜಿ ಹಾಕಬೇಕು.

ಹಿಂದಿನವರು ಬಿಟ್ಟುಹೋದ ಗ್ಯಾಸ್ ಟ್ಯೂಬು, ರೆಗ್ಯುಲೇಟರ್ ಬಳಸಬೇಡಿ. ಟ್ಯೂಬಿನ ಮೇಲೆ ತಯಾರಾದ ವರ್ಷ ಇರುತ್ತದೆ, ಐದು ವರ್ಷ ದಾಟಿದ್ದರೆ ಎಸೆಯಿರಿ. ಸೋರಿಕೆಗೆ ಸೋಪಿನ ನೊರೆ, ಬೆಂಕಿಕಡ್ಡಿ ಎಂದೂ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ, ಹಳೇ ಮನೆಯ ತಗ್ಗಾದ ಅಡುಗೆಮನೆಯಲ್ಲಿ ಕಾಲಬುಡದಲ್ಲೇ ನಿಂತಿರುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಇಂಗದ ಇಂಗುಗುಂಡಿ

ಮೇಲುಕೋಟೆಯ ಕೊಳಗಳಲ್ಲಿ ನೀರು ನಿಲ್ಲಲು ಯಾವ ಬಂಡೆ ನೆರವಾಗಿದೆಯೋ ಅದೇ ಬಂಡೆ ನಮ್ಮ ಇಂಗುಗುಂಡಿಯ ನೀರನ್ನೂ ಹೀರುವುದಿಲ್ಲ. ಲಕ್ಷಣ ಹೀಗೆ: ಕಮೋಡಿನಲ್ಲಿ ನೀರು ಮೇಲೆದ್ದು ನಿಧಾನ ಇಳಿಯುತ್ತದೆ, ಬಚ್ಚಲಿನ ಜಾಲರಿ ಗುಳುಗುಳು ಅನ್ನುತ್ತದೆ. ಪೈಪಿಗೆ ಆಸಿಡ್ ಸುರಿಯುವ ಮೊದಲು ಹೊರಗಿನ ಚೇಂಬರ್ ತೆರೆಯಿರಿ. ಚೇಂಬರ್ ಒಣಗಿದ್ದರೆ ಅಡ್ಡಿ ಇರುವುದು ಕಮೋಡಿಗೂ ಚೇಂಬರಿಗೂ ನಡುವೆ, ಸರಳು ಹಾಕಿದರೆ ಹೋಗುತ್ತದೆ. ಚೇಂಬರ್ ತುಂಬಿದ್ದರೆ ಮುಂದಿನದು ನೋಡಬೇಕು. ಸೆಪ್ಟಿಕ್ ಟ್ಯಾಂಕಿನ ಹೊರಹೋಗುವ ಪೈಪು ಮುಳುಗಿದ್ದರೆ ಇಂಗುಗುಂಡಿಯೇ ನೀರು ತೆಗೆದುಕೊಳ್ಳುತ್ತಿಲ್ಲ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಿದರೆ ಹತ್ತು ದಿನದಲ್ಲಿ ಮತ್ತೆ ಅದೇ ಪಾಡು, ನಮಗೂ ಹಾಗೇ ಆಯಿತು.

ಮುಚ್ಚಳ ತೆರೆದಾಗ ಬಗ್ಗಿ ನೋಡಬೇಡಿ, ಕಡ್ಡಿ ಗೀರಬೇಡಿ. ಯಾರನ್ನೂ ಒಳಗೆ ಇಳಿಸಬೇಡಿ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಅದನ್ನು ಅಪರಾಧ ಎಂದಿದೆ, ಕಾಯ್ದೆ ಇಲ್ಲದಿದ್ದರೂ ಅದು ಮಾಡುವಂಥದ್ದಲ್ಲ. ಒಳಗಿನ ವಿಷಗಾಳಿಗೆ ಎರಡು ಉಸಿರು ಸಾಕು. ಸಕ್ಕಿಂಗ್ ಗಾಡಿ ಕರೆಸಿ.

ಬಂಡೆ ಒಡೆಸಿ ಗುಂಡಿ ಆಳ ಮಾಡುವುದರಿಂದ ಆಗುವುದು ದೊಡ್ಡ ತೊಟ್ಟಿಯಷ್ಟೇ. ನಾವು ಒಳಬರುವ ನೀರನ್ನು ಕಡಿಮೆ ಮಾಡಿದೆವು. ಸ್ನಾನದ, ಬಟ್ಟೆ ಒಗೆದ ನೀರನ್ನು ಬೇರೆ ಪೈಪಿನಲ್ಲಿ ಹಿತ್ತಲಿನ ಬಾಳೆಗಿಡಗಳಿಗೆ ತಿರುಗಿಸಿದೆವು, ಶೌಚದ ನೀರು ಮಾತ್ರ ಟ್ಯಾಂಕಿಗೆ. ಚೇಂಬರಿನ ಗೋಡೆಗೆ ಬಣ್ಣದಲ್ಲಿ ಒಂದು ಗೆರೆ ಎಳೆದಿಟ್ಟೆ. ಈ ಸಲದ ವೈರಮುಡಿ ಉತ್ಸವಕ್ಕೆ ಮೈಸೂರು, ಮಂಡ್ಯದಿಂದ ಹನ್ನೊಂದು ಜನ ನೆಂಟರು ಬಂದು ಮೂರು ದಿನ ಇದ್ದರು. ಅವರು ಹೊರಟ ಮಾರನೇ ದಿನ ಮುಚ್ಚಳ ಎತ್ತಿ ನೋಡಿದೆ, ನೀರು ಗೆರೆಯಿಂದ ಒಂದು ಗೇಣು ಕೆಳಗೇ ಇತ್ತು.